ಅರ್ಧಕ್ಕೆ ನಿಂತ ನಾಲ್ಕನೇ ತೂತು

ನಾಲ್ಕನೇ ತೂತು ಅರ್ಧ ಇಳಿದಿತ್ತು, ಡ್ರಿಲ್ಲು ನಿಂತುಬಿಟ್ಟಿತು. ಗುರ್ ಅಂತ ಒಂದು ಸಲ ಗೊರಕೆ ಹೊಡೆದು, ಸ್ವಲ್ಪ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಬ್ಯಾಟರಿ ತೆಗೆದು ಮತ್ತೆ ಹಾಕಿದೆ. ಚಾರ್ಜಿಗಿಟ್ಟು ಹಸಿರು ದೀಪ ಬರುವವರೆಗೆ ಕಾದೆ. ಗುಂಡಿ ಒತ್ತಿದರೆ ಮುಂದಿನ ಸಣ್ಣ ಲೈಟು ಹತ್ತುತ್ತದೆ, ಬಾಯಿ ತಿರುಗುವುದಿಲ್ಲ. ಮಂಚದ ಮೇಲೆ ಕೂತಿದ್ದ ನನ್ನ ಹೆಂಡತಿ ವಿಶಾಲೂ, "ಏನಾಯ್ತ್ರೀ?" ಅಂದಳು. "ಏನಿಲ್ಲ, ಬಿಸಿಯಾಗಿದೆ, ಆರಲಿ" ಅಂದೆ. ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವನಿಗೆ ಬಿಸಿಯಾದ ಮಿಷನ್ನು ಯಾವುದು, ಸತ್ತ ಮಿಷನ್ನು ಯಾವುದು ಅಂತ ಗೊತ್ತಾಗುವುದಿಲ್ಲವೇ? ಗೊತ್ತಾಗಿತ್ತು.

ಬೇರೆ ಊರಿನವರಾದರೆ ಪಕ್ಕದ ಮನೆಯಿಂದ ಇನ್ನೊಂದು ಡ್ರಿಲ್ಲು ತಂದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಕಾಫಿ ಕುಡಿಯುತ್ತಿದ್ದರು. ನಮ್ಮೂರಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಯಾವ ಉಪಕರಣದಿಂದ ಕೆಲಸ ಶುರುವಾಯಿತೋ ಅದರಿಂದಲೇ ಮುಗಿಯಬೇಕು. ಬೇರೆಯದರಲ್ಲಿ ಕೊರೆದ ತೂತು ಬೆಳಗಾಗುವಷ್ಟರಲ್ಲಿ ಮುಚ್ಚಿಕೊಂಡಿರುತ್ತದೆ, ಹೊಡೆದ ಮೊಳೆ ನೆಲದ ಮೇಲೆ ಬಿದ್ದಿರುತ್ತದೆ. ಅದನ್ನು ಬಿಟ್ಟು ಹೊಸದಾಗಿ ಶುರು ಮಾಡುತ್ತೇನೆ ಅಂದರೂ ಆಗದು, ಮೊದಲನೆಯದು ಮುಗಿಯುವ ತನಕ ಆ ಮನೆಯಲ್ಲಿ ಅಂಥದ್ದೇ ಇನ್ನೊಂದು ನಿಲ್ಲುವುದಿಲ್ಲ. ಹಾಗಾಗಿ ನಮ್ಮಲ್ಲಿ ಯಾರೂ ಉಳಿ ಸುತ್ತಿಗೆ ಎರವಲು ಕೇಳುವುದಿಲ್ಲ. ಊರು ಬಿಟ್ಟು ಹೋಗುವವರು ಮನೆ ಮಾರುವಾಗ ಗರಗಸವನ್ನೂ ಬಿಟ್ಟುಹೋಗುತ್ತಾರೆ. ಕೊನೆಯುಸಿರು ಎಳೆಯುತ್ತಿರುವವರ ಕಿವಿಯಲ್ಲಿ ಮಕ್ಕಳು ಬಾಗಿ ಕೇಳುವುದು ಆಸ್ತಿ ಯಾರಿಗೆ ಅಂತಲ್ಲ, ಅಟ್ಟದ ಕೆಲಸದ ಉಳಿ ಎಲ್ಲಿಟ್ಟಿದ್ದೀ ಅಂತ.

ಆ ನಾಲ್ಕನೇ ತೂತು ಯಾತಕ್ಕೆ ಅಂತ ಹೇಳುತ್ತೇನೆ. ವಿಶಾಲೂಗೆ ಲಕ್ವ ಹೊಡೆದು ಬಲಗೈ ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಪಟ್ಟಣದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಮೂರು ತಿಂಗಳು ಟೈಮು. ಅಷ್ಟರಲ್ಲಿ ಎಷ್ಟು ನಡೆಸ್ತೀರೋ ಅಷ್ಟೇ ಇವರ ಕಾಲು. ಆಮೇಲೆ ಕಾಲಿಗೆ ನಡಿಗೆ ಮರೆತುಹೋಗುತ್ತೆ. ನೀವು ಎತ್ತಬೇಡಿ, ಹಿಡಿಯಬೇಡಿ. ಅವರೇ ಹಿಡ್ಕೊಂಡು ಅವರೇ ನಡೀಬೇಕು." ಮಂಚದಿಂದ ಬಚ್ಚಲಿಗೆ ಇಪ್ಪತ್ತೆರಡು ಅಡಿ. ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಒಂದು ಮರದ ಹಿಡಿಕೋಲು ಹಾಕಿಬಿಟ್ಟರೆ ಎಡಗೈಯಲ್ಲಿ ಹಿಡಿದು ಹೋಗುತ್ತಾಳೆ. "ಬರುವಾಗ ಕೋಲು ಬಲಕ್ಕೆ ಬರುತ್ತಲ್ಲೇ" ಅಂದರೆ, "ಏಡಿ ಥರ ಅಡ್ಡಡ್ಡ ಬರ್ತೀನಿ ಬಿಡಿ" ಅಂದಿದ್ದಳು. ಕೋಲನ್ನು ಸಾಗುವಾನಿಯಲ್ಲಿ ಕಡೆದು, ಅವಳ ಮುಷ್ಟಿಯ ಅಳತೆಗೆ ಉಜ್ಜಿ ನುಣುಪು ಮಾಡಿದ್ದೆ. ಎರಡಡಿಗೊಂದು ಬ್ರಾಕೆಟ್ಟು. ಮೂರು ಬ್ರಾಕೆಟ್ಟು ಕೂತು ಆರಡಿ ಕೋಲು ನಿಂತಿತ್ತು, ಅಷ್ಟೇ.

ನನ್ನ ಅಪ್ಪನ ಕಾಲದ ಬೈರಿಗೆ ಮೂಲೆಯಲ್ಲೇ ಇತ್ತು. ಕೈಯಲ್ಲಿ ತಿರುಗಿಸಿ ಕೊರೆಯುವ ಬೈರಿಗೆ, ನನಗಿಂತ ಹೆಚ್ಚು ವರ್ಷ ಬಾಳುವಂಥದ್ದು. ಅದರಲ್ಲಿ ಶುರು ಮಾಡಿದ್ದರೆ ಎರಡು ದಿನ ಹಿಡಿಯುತ್ತಿತ್ತು, ತೋಳು ನೋಯುತ್ತಿತ್ತು, ಕೆಲಸ ಮುಗಿಯುತ್ತಿತ್ತು. ನನಗೆ ಅವಸರ. ಜೊತೆಗೆ ಹೊಸ ಮಿಷನ್ನಿನ ಜಂಬ. ವೈರಿಲ್ಲ, ಕರೆಂಟು ಹೋದರೂ ನಡೆಯುತ್ತದೆ, ಒಂದು ವರ್ಷ ವಾರಂಟಿ ಇದೆ ಅಂತ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಮ್ಮಲ್ಲಿ ಪಂಪುಸೆಟ್ಟಿನ ಮೋಟಾರು ಸುತ್ತುವವರಿದ್ದಾರೆ. ಅವರ ಹತ್ತಿರ ಒಯ್ದಿದ್ದರೆ ಅಂದೇ ಬಿಚ್ಚಿ ನೋಡುತ್ತಿದ್ದರು. ಆದರೆ ಮಿಷನ್ನಿನ ಹೊಟ್ಟೆಯ ಮೇಲೆ ಒಂದು ಸ್ಟಿಕರ್ ಇತ್ತು, ಹರಿದರೆ ವಾರಂಟಿ ರದ್ದು ಅಂತ. ಹೆಬ್ಬೆರಳಗಲದ ಕಾಗದ. ಅದಕ್ಕೆ ಹೆದರಿದೆ. ಒಳಗೆ ದೊಡ್ಡದೇನೋ ಹೋಗಿದ್ದು, ಊರಿನವರು ಬಿಚ್ಚಿ ಕೈಚೆಲ್ಲಿದರೆ ಆಮೇಲೆ ಕಂಪನಿಯವರೂ ಮುಟ್ಟದಿದ್ದರೆ ಏನು ಗತಿ ಅಂತ ಲೆಕ್ಕ ಹಾಕಿದೆ. ಕಂಪನಿಯವರಾದರೆ ಓದಿದವರು, ಸರಿಯಾಗಿ ಮಾಡಿಕೊಡುತ್ತಾರೆ ಅಂದುಕೊಂಡೆ.

ಫೋನು ಮಾಡಿದೆ. ಕನ್ನಡಕ್ಕೆ ಮೂರು ಒತ್ತಿ ಅಂತು, ಒತ್ತಿದೆ, ಹಿಂದಿಯಲ್ಲಿ ಮಾತಾಡಿದರು. ಸ್ಟಿಕರಿನ ಫೋಟೋ ಕಳಿಸಿ ಅಂದರು, ಕಳಿಸಿದೆ. ಬಿಲ್ಲಿನ ಫೋಟೋ ಕಳಿಸಿ ಅಂದರು. ಬಿಲ್ಲು ತೆಗೆದು ನೋಡಿದರೆ ನಾಲ್ಕೇ ತಿಂಗಳಿಗೆ ಅಕ್ಷರ ಮಾಸಿ ಬಿಳಿ ಚೀಟಿಯಾಗಿತ್ತು. ಬಿಸಿಲಿಗೆ ಓರೆಯಾಗಿ ಹಿಡಿದು ಹದಿನೆಂಟು ಸಲ ಫೋಟೋ ಹೊಡೆದೆ. ದೂರಿನ ನಂಬರು ಕೊಟ್ಟರು. ವಾರ ಬಿಟ್ಟು ಕೇಳಿದರೆ, ನಿಮ್ಮೂರಿನ ಪಿನ್‌ಕೋಡು ನಮ್ಮ ಪಟ್ಟಿಯಲ್ಲಿಲ್ಲ, ದೂರು ಮುಚ್ಚಲಾಗಿದೆ ಅಂದರು. ಮತ್ತೆ ತೆರೆಸಿದೆ. ಪಕ್ಕದ ಊರಿನ ಪಿನ್‌ಕೋಡು ಹಾಕಿಕೊಂಡರು. ಅದಾಗಿ ಐದು ದಿನಕ್ಕೆ ಮೊಬೈಲಿಗೆ ಮೆಸೇಜು ಬಂತು: ನಮ್ಮ ಸಿಬ್ಬಂದಿ ಭೇಟಿ ನೀಡಿದಾಗ ಗ್ರಾಹಕರು ಮನೆಯಲ್ಲಿರಲಿಲ್ಲ.

ಅದನ್ನು ವಿಶಾಲೂಗೆ ಓದಿ ಹೇಳಿದೆ. ಅವಳು ಹಿಡಿಕೋಲಿನ ತುದಿಯಲ್ಲಿ, ಆರನೇ ಅಡಿಯಲ್ಲಿ ನಿಂತಿದ್ದಳು. "ನಾನು ಎಲ್ಲಿಗೆ ಹೋಗಿದ್ದೆನಂತೆ, ಕೇಳಿ ಸ್ವಲ್ಪ" ಅಂದಳು. ನಗಲಿಲ್ಲ. ಅಲ್ಲಿಂದ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಜಾರಿ ನೆಲಕ್ಕೆ ಕೂತು, ಒಂದು ಕೈ ಊರಿ, ಉಳಿದ ಹದಿನಾರಡಿ ತೆವಳಿಕೊಂಡು ಬಚ್ಚಲಿಗೆ ಹೋದಳು. ದಿನಕ್ಕೆ ಐದಾರು ಸಲ ಹಾಗೆ. ಎತ್ತಲು ಹೋದರೆ, "ನಾನೇನು ಅಕ್ಕಿ ಮೂಟೆಯಾ? ಕೈ ತೆಗೀರಿ" ಅಂತ ಗದರುತ್ತಿದ್ದಳು. ಊರುಗೋಲು ಕೊಟ್ಟೆ, ಎರಡು ಸಲ ಬಿದ್ದಳು. ಮೊಳೆ ಹೊಡೆದು ಹಗ್ಗ ಕಟ್ಟಿದೆ, ಬೆಳಿಗ್ಗೆ ಮೊಳೆ, ಹಗ್ಗ ಎರಡೂ ನೆಲದ ಮೇಲಿದ್ದವು. ಕೋಲಿರುವ ಆರಡಿಯಲ್ಲೇ ಅವಳು ಗಾಣದೆತ್ತಿನ ಹಾಗೆ ಹೋಗಿ ಬಂದು ಹೋಗಿ ಬಂದು ಮಾಡುತ್ತಿದ್ದಳು. ಕಾಲು ಸ್ವಲ್ಪ ಎತ್ತುತ್ತಿತ್ತು ಕೂಡ. ಹೆಬ್ಬೆರಳು ಅಲ್ಲಾಡಿದ ದಿನ ನನ್ನನ್ನು ಕರೆದು ತೋರಿಸಿದಳು.

ಡಾಕ್ಟರು ಕೊಟ್ಟ ಮೂರು ತಿಂಗಳಲ್ಲಿ ಮೂವತ್ಮೂರನೇ ದಿನಕ್ಕೆ ನಾನೇ ಮಿಷನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಪಟ್ಟಣದ ಸರ್ವಿಸ್ ಸೆಂಟರಿಗೆ ಹೋದೆ. ಅದು ಬಿಲ್ಲಿನಲ್ಲಿದ್ದ ವಿಳಾಸದಲ್ಲಿ ಇರಲಿಲ್ಲ. ಅಲ್ಲೀಗ ಚಪ್ಪಲಿ ಅಂಗಡಿ. ಕೇಳಿಕೊಂಡು ಹೋದರೆ ಒಂದು ಗೋಡೌನಿನ ಹಿಂದೆ ಸಿಕ್ಕಿತು. ಕೌಂಟರಿನಲ್ಲಿ ಶಬೀನಾ ಅಂತ ಒಂದು ಹುಡುಗಿ. ಅವಳ ಎದುರು ಕಂಪ್ಯೂಟರು, ಹಿಂದೆ ಗೋಣಿಚೀಲಗಳ ತುಂಬ ನನ್ನದರಂಥವೇ ಮಿಷನ್ನುಗಳು. ಅವಳಿಗೆ ನಮ್ಮೂರಿನ ವಿಷಯ ಎಲ್ಲ ಬಿಡಿಸಿ ಹೇಳಿದೆ. "ತಾಯಿ, ಏನಾದರೂ ಮಾಡು, ಇದೇ ಮಿಷನ್ನು ನನ್ನ ಕೈಗೆ ವಾಪಸ್ ಬರಬೇಕು" ಅಂದೆ. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. "ಆಯ್ತು ಅಂಕಲ್, ರಿಪೇರಿನೇ ಮಾಡ್ತಾರೆ" ಅಂದು, ಚೀಟಿಯ ಮೇಲೆ ಕೈಬರಹದಲ್ಲಿ "ಗ್ರಾಹಕರಿಗೆ ಇದೇ ಬೇಕು" ಅಂತ ಬರೆದು ಮಿಷನ್ನಿಗೆ ಅಂಟಿಸಿದಳು. ಕಂಪ್ಯೂಟರಿನಲ್ಲಿ ಅದನ್ನು ಬರೆಯಲು ಜಾಗ ಇರಲಿಲ್ಲವಂತೆ.

ಇಪ್ಪತ್ತು ದಿನ ಕಾದ ಮೇಲೆ ಒಂದು ಪಾರ್ಸಲ್ಲು ಬಂತು. ಅದನ್ನು ಬಿಚ್ಚುವಾಗ ವಿಶಾಲೂ ಮಂಚದಿಂದ ಎದ್ದು ಕೋಲು ಹಿಡಿದು ಬಂದು ನಿಂತಳು. ಡಬ್ಬಿಯೊಳಗೆ ಹೊಚ್ಚ ಹೊಸ ಡ್ರಿಲ್ಲು. ಪ್ಲಾಸ್ಟಿಕ್ ವಾಸನೆ ಇನ್ನೂ ಹೋಗಿರಲಿಲ್ಲ. ಜೊತೆಗೊಂದು ಕಾಗದ, ನಿಮ್ಮ ಉತ್ಪನ್ನವನ್ನು ಉಚಿತವಾಗಿ ಬದಲಿಸಿಕೊಡಲು ಹರ್ಷಿಸುತ್ತೇವೆ ಅಂತ. ಹರ್ಷವಂತೆ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ನನಗೆ ಅಳು ಬಂತು, ಅತ್ತೆ, ಮುಚ್ಚಿಡುವುದೇನಿದೆ.

ಆದರೂ ಆಸೆ. ಅದೇ ಕಂಪನಿ, ಅದೇ ಅಚ್ಚು, ಗೋಡೆಗೇನು ಗೊತ್ತಾಗುತ್ತದೆ ಅಂತ ಹೊಸದರಲ್ಲಿ ನಾಲ್ಕನೇ ತೂತು ಪೂರ್ತಿ ಕೊರೆದು, ಪ್ಲಗ್ಗು ಬಡಿದು, ಬ್ರಾಕೆಟ್ಟು ಕೂರಿಸಿದೆ. ಬೆಳಿಗ್ಗೆ ಬ್ರಾಕೆಟ್ಟು ನೆಲದಲ್ಲಿತ್ತು. ಪ್ಲಗ್ಗು ಮಂಚದ ಕೆಳಗೆ ಉರುಳಿತ್ತು. ತೂತು ಮೊದಲಿದ್ದಷ್ಟಕ್ಕೇ, ಅರ್ಧಕ್ಕೇ ಬಂದು ನಿಂತಿತ್ತು.

ವಿಷಯ ಊರಿಗೆ ತಿಳಿಯಿತು. ಸತ್ತವರ ಮನೆಗೆ ಬರುವ ಹಾಗೆ ಜನ ಬಂದು ಸುಮ್ಮನೆ ಕೂತು ಎದ್ದುಹೋದರು. ಆಮೇಲೆ ನಂಜಯ್ಯನವರು ಬಂದರು. ನಂಜಯ್ಯನವರು ನಮ್ಮೂರಲ್ಲಿ ಸುಣ್ಣ ಇಡುವವರು. ಉಪಕರಣ ಕಳೆದುಹೋಗಿ ಕೆಲಸ ಅರ್ಧಕ್ಕೆ ನಿಂತರೆ ಇವರನ್ನು ಕರೆಸುತ್ತಾರೆ. ಕೆಲಸ ಯಾರಿಗಾಗಿ ನಡೆಯುತ್ತಿತ್ತೋ ಅವರು ತಮ್ಮ ಬಾಯಲ್ಲೇ "ಇಷ್ಟೇ" ಅನ್ನಬೇಕು. ಅಂದ ಕೂಡಲೇ ಇವರು ಕೆಲಸ ನಿಂತ ಜಾಗಕ್ಕೆ ಒಂದು ಬೊಟ್ಟು ಸುಣ್ಣ ಇಡುತ್ತಾರೆ. ಅಲ್ಲಿಗೆ ಅದು ಮುಗಿದ ಕೆಲಸ. ಆಮೇಲೆ ಯಾವ ಉಪಕರಣವೂ ಅದನ್ನು ಮುಂದುವರಿಸಲಾರದು, ಶುರು ಮಾಡಿದ್ದೇ ಸಿಕ್ಕಿದರೂ ಅಷ್ಟೇ. ಆ ಮನೆಯಲ್ಲಿ ಅಂಥದ್ದೇ ಇನ್ನೊಂದು ಮತ್ತೆ ಎಂದೂ ನಿಲ್ಲುವುದಿಲ್ಲ. ಏಳು ಮೆಟ್ಟಿಲಿಗೆ ಮುಗಿದ ಮಹಡಿ ಮೆಟ್ಟಿಲು ನಮ್ಮ ಬೀದಿಯಲ್ಲೇ ಇದೆ. ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ.

"ಆಚಾರ್ರೇ, ಹೋದದ್ದು ಹೋಯ್ತು" ಅಂದರು ನಂಜಯ್ಯನವರು. "ಬಾಯಿ ತೆರೆದ ಕೆಲಸ ಮನೇಲಿಟ್ಕೊಂಡು ಯಾರಿಗೆ ನೆಮ್ಮದಿ? ಆರಡಿ ಇದೆಯಲ್ಲ, ಅದೇ ಅವರ ಪಾಲಿಗೆ ಬಂದದ್ದು ಅಂದ್ಕೊಳ್ಳಿ."

"ಇಪ್ಪತ್ತೆರಡು ಅಡಿ ಅದು" ಅಂದೆ. "ನೀವು ಸುಣ್ಣದ ಡಬ್ಬಿ ತಗೊಂಡು ಎದ್ದುಬಿಡಿ. ನನ್ನ ಬಾಯಿಗೆ ಕೆಟ್ಟ ಮಾತು ಬರೋಕೆ ಮುಂಚೆ ಹೊರಡಿ." ವಯಸ್ಸಾದವರಿಗೆ ಹಾಗೆ ಅನ್ನಬಾರದಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೊರಡುವಾಗ ವಿಶಾಲೂ ಕಡೆ ತಿರುಗಿ, "ಯಾವಾಗ ಬೇಕಾದರೂ ಹೇಳಿಕಳಿಸಮ್ಮ" ಅಂದು ಹೋದರು.

ಅವತ್ತಿಂದ ನಾನು ಪಟ್ಟಣಕ್ಕೆ ಅಲೆಯಲು ಶುರು ಮಾಡಿದೆ. ಬೆಳಗಿನ ಬಸ್ಸಿಗೆ ಹೋಗುವುದು, ಕೌಂಟರಿನೆದುರು ನಿಲ್ಲುವುದು, ಮಧ್ಯಾಹ್ನದ ಬಸ್ಸಿಗೆ ಬರಿಗೈಯಲ್ಲಿ ಬರುವುದು. ಹೊಸದನ್ನು ಮೇಜಿನ ಮೇಲಿಟ್ಟು, "ಇದನ್ನ ಇಟ್ಕೊಳ್ಳಿ, ನನ್ನ ಕೆಟ್ಟದ್ದನ್ನ ಕೊಡಿ" ಅಂದೆ. ಶಬೀನಾ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ, "ಅಂಕಲ್, ಕೆಟ್ಟದ್ದು ಕೊಟ್ಟು ಹೊಸದು ತಗೊಳ್ಳೋದಿದೆ. ಹೊಸದು ಕೊಟ್ಟು ಕೆಟ್ಟದ್ದು ತಗೊಳ್ಳೋದು ಇದರಲ್ಲಿ ಇಲ್ಲವೇ ಇಲ್ಲ" ಅಂದಳು. ಮ್ಯಾನೇಜರು ಒಳಗಿಂದಲೇ, ಬದಲಿ ಕೊಟ್ಟ ಮೇಲೆ ಹಳೇದು ಕಂಪನಿ ಆಸ್ತಿ ಅಂದ. ಅವನು ಆಚೆಗೆ ಬಂದದ್ದು ನಾನು ನೋಡಿಲ್ಲ. ಇನ್ನೊಂದು ದಿನ ಹೋದರೆ ಹಳೇವೆಲ್ಲ ಲಾರಿಯಲ್ಲಿ ಹೋದವು ಅಂದರು. ಅದರ ಮುಂದಿನ ಸಲ, ಹೋಗಿಲ್ಲ, ಲಾರಿ ಬಂದಿಲ್ಲ ಅಂದರು. ನನ್ನ ದೂರು ಅವರ ಲೆಕ್ಕದಲ್ಲಿ ಬಗೆಹರಿದಾಗಿತ್ತು. ಬಗೆಹರಿದ ದೂರಿನ ಮೇಲೆ ದೂರು ತಗೊಳ್ಳುವುದಿಲ್ಲವಂತೆ.

ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಮಾತು ಬಂದರೆ ಅದೇ ಮಾತು, ದೂರಿನ ನಂಬರು, ಲಾರಿ, ಮ್ಯಾನೇಜರು. ನಾನು ಇಲ್ಲದಾಗ ಪಕ್ಕದ ಮನೆಯವರು ಬಂದು ವಿಶಾಲೂಗೆ ತಟ್ಟೆಯಿಡುತ್ತಿದ್ದರು. ಅವಳ ನಡಿಗೆ ಎಷ್ಟು ಸಲ ಆಯಿತು ಅಂತ ಮೊದಲಿನ ಹಾಗೆ ಕೇಳುವುದನ್ನು ಯಾವತ್ತು ಬಿಟ್ಟೆನೋ ನನಗೇ ನೆನಪಿಲ್ಲ. ನಾನು ಬಸ್ಸಿಳಿದು ಬರುವಾಗ ಅವಳು ಕೋಲಿನ ತುದಿಯಲ್ಲಿ ನಿಂತಿರುತ್ತಿದ್ದಳು, ಅಲ್ಲಿಂದ ಕಿಟಕಿಯಲ್ಲಿ ದಾರಿ ಕಾಣುತ್ತದೆ. ನನ್ನ ಕೈ ನೋಡುತ್ತಿದ್ದಳು, ಆಮೇಲೆ ಮುಖ. ತಿರುಗಿ ಮಂಚಕ್ಕೆ ಹೋಗುತ್ತಿದ್ದಳು.

ಎಂಬತ್ತೆರಡನೇ ದಿನ ಹನ್ನೊಂದನೇ ಸಲ ಹೋದೆ. ಡಾಕ್ಟರ ಲೆಕ್ಕದಲ್ಲಿ ಇನ್ನು ಎಂಟು ದಿನ ಇತ್ತು. ಕೌಂಟರಿಗೆ ಹಣೆ ಆನಿಸಿ ನಿಂತುಬಿಟ್ಟೆ. ಶಬೀನಾ ಸುತ್ತ ನೋಡಿದಳು. ಮ್ಯಾನೇಜರು ರಜೆಯಲ್ಲಿದ್ದ. "ಬನ್ನಿ ಒಳಗೆ" ಅಂದಳು. "ಲಾರಿ ನಾಳೆ ಬರುತ್ತೆ. ಈ ಚೀಲಗಳಲ್ಲಿ ಇದ್ದರೆ ನಿಮ್ಮ ಪುಣ್ಯ."

ಎಂಟು ಚೀಲ ಇದ್ದವು, ಒಂದೊಂದಾಗಿ ಸುರಿದೆವು. ಅವಳೂ ದುಪಟ್ಟಾ ಹಿಂದಕ್ಕೆ ಕಟ್ಟಿಕೊಂಡು ನೆಲಕ್ಕೆ ಕೂತಳು. ಎಲ್ಲವೂ ಒಂದೇ ಬಣ್ಣ, ಒಂದೇ ಮೂತಿ. ಅವಳು ಅಂಟಿಸಿದ್ದ ಚೀಟಿ ಎಲ್ಲೋ ಉದುರಿಹೋಗಿತ್ತು. ಐದನೇ ಚೀಲದಲ್ಲಿ ಒಂದು ಮಿಷನ್ನಿನ ಹಿಡಿಯ ಸಂದಿಯಲ್ಲಿ ಒಣಗಿದ ಕುಂಕುಮ ಕಂಡಿತು. ಕಾಯಿಲೆಗೆ ಮುಂಚೆ ಆಯುಧಪೂಜೆಯಲ್ಲಿ ವಿಶಾಲೂ ಇಟ್ಟದ್ದು, ಅವಳ ಬಲಗೈ ಬೆರಳಿನದ್ದು. "ಇದೇ" ಅಂದೆ. ಶಬೀನಾ ಅದನ್ನು ಕಸಿದುಕೊಂಡು ಸ್ಟಿಕರ್ ಹರಿದು ನಾಲ್ಕು ಸ್ಕ್ರೂ ಬಿಚ್ಚಿದಳು. ಒಳಗೆ ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದುಹೋಗಿತ್ತು, ಅಷ್ಟೇ. ಇನ್ನೊಂದು ಮಿಷನ್ನಿನಿಂದ ಕಾರ್ಬನ್ ತೆಗೆದು ಇದಕ್ಕೆ ಹಾಕಿ ಗುಂಡಿ ಒತ್ತಿದಳು. ಗಿರ್ ಅಂತ ತಿರುಗಿತು. ಹತ್ತು ನಿಮಿಷದ ಕೆಲಸ. ನಮ್ಮೂರ ಮೋಟಾರಿನವರು ಐದು ನಿಮಿಷದಲ್ಲಿ ಮಾಡುತ್ತಿದ್ದರು.

"ಇದನ್ನ ಗುಜರಿ ಅಂತ ಬರ್ಕೊತೀನಿ" ಅಂದಳು. "ನೀವು ಇವತ್ತು ಬಂದೇ ಇಲ್ಲ, ನಾನು ಕೊಟ್ಟೇ ಇಲ್ಲ. ಹೊಸದನ್ನ ಇಲ್ಲಿಟ್ಟು ಹೋಗಿ, ಚೀಲದ ಲೆಕ್ಕ ಸರಿಹೋಗುತ್ತೆ. ಆಂಟಿ ನಡೆದರೆ ನನಗೊಂದು ಫೋನ್ ಮಾಡಿ." ಅವಳ ತಲೆಯ ಮೇಲೆ ಕೈಯಿಟ್ಟು ಬಂದೆ.

ಬಸ್ಸಿನಲ್ಲಿ ಡ್ರಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಲೆಕ್ಕ ಹಾಕಿದೆ. ಇನ್ನು ಎಂಟು ಬ್ರಾಕೆಟ್ಟು. ಸಂಜೆಯೊಳಗೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಬಚ್ಚಲವರೆಗೆ ನಡೆದರೆ, ದಿನಕ್ಕೆ ಹತ್ತು ಸಲ ಅಂತ ಹಿಡಿದರೂ ಎಂಟು ದಿನಕ್ಕೆ ಎಂಬತ್ತು ಸಲ. ಎಂಬತ್ತು ಸಲ ಕಡಿಮೆಯೇನಲ್ಲ. ಹೆಬ್ಬೆರಳು ಅಲ್ಲಾಡಿದ ಕಾಲು ಅದು. ಬಸ್ಸಿಳಿದು ಓಡಿದೆ, ಈ ವಯಸ್ಸಿನಲ್ಲಿ ಓಡಿದೆ. ಕಿಟಕಿಯಲ್ಲಿ ಅವಳು ಕಾಣಲಿಲ್ಲ. ಮಲಗಿರಬೇಕು ಅಂದುಕೊಂಡೆ.

ಅವಳು ಮಂಚದ ಮೇಲೆ ಕೂತಿದ್ದಳು. ತಲೆ ಬಾಚಿಸಿಕೊಂಡು ಬೇರೆ ಸೀರೆ ಉಟ್ಟಿದ್ದಳು. "ವಿಶಾಲೂ, ಸಿಕ್ತು ಕಣೇ, ನಮ್ಮದೇ, ನೋಡಿಲ್ಲಿ ನಿನ್ನ ಕುಂಕುಮ" ಅಂತ ಅವಳ ತೊಡೆಯ ಮೇಲಿಟ್ಟೆ. ಅವಳು ಅದನ್ನೇ ನೋಡಿದಳು. ಎಡಗೈಯಿಂದ ಮುಟ್ಟಿದಳು. ಮುಖ ಬಿಳಿಚಿಕೊಂಡಿತು. ನಾನು ಅದನ್ನು ಸಂತೋಷ ಅಂದುಕೊಂಡು, ಡ್ರಿಲ್ಲು ಎತ್ತಿಕೊಂಡು ಗೋಡೆಗೆ ತಿರುಗಿದೆ.

ಹಿಡಿಕೋಲಿನ ತುದಿಯಲ್ಲಿ ಒಂದು ಬೊಟ್ಟು ಸುಣ್ಣ ಇತ್ತು. ಇನ್ನೂ ಆರಿರಲಿಲ್ಲ.

"ನಾನೇ ಹೇಳಿಕಳಿಸಿದೆ" ಅಂದಳು ವಿಶಾಲೂ. "ನೀವು ಬಸ್ಸು ಹತ್ತಿದ ಮೇಲೆ. ಹನ್ನೊಂದು ಸಲ ಹೋದ್ರಿ. ಬರಿಗೈಲಿ ಬರೋ ಆ ಮುಖ ನನ್ನ ಕೈಲಿ ಇನ್ನು ನೋಡಕ್ಕಾಗ್ತಿರಲಿಲ್ಲ. ಇಷ್ಟೇ ಅಂದ್ಬಿಟ್ಟೆ. ಇನ್ನು ಮೇಲೆ ನೀವು ಮನೇಲಿರ್ತೀರಿ ಅಂತ."

ನಾನು ಅವಳ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಡ್ರಿಲ್ಲಿನ ಮೂತಿ ಗೋಡೆಗೆ ಒತ್ತಿ ನಾಲ್ಕನೇ ತೂತು ಕೊರೆದೆ. ಸಲೀಸಾಗಿ ಇಳಿಯಿತು. ಹೊರಗೆಳೆದ ಕೂಡಲೇ ಗೋಡೆ ಮುಚ್ಚಿಕೊಂಡಿತು, ಬೆಳಗಾಗುವವರೆಗೂ ಕಾಯಲಿಲ್ಲ. ಮತ್ತೆ ಕೊರೆದೆ. ಮುಚ್ಚಿಕೊಂಡಿತು. ಎಷ್ಟು ಸಲವೋ ಗೊತ್ತಿಲ್ಲ, ಬ್ಯಾಟರಿ ಇಳಿಯುವವರೆಗೂ ಕೊರೆದೆ. ಕೊನೆಗೆ ಅಲ್ಲಿ ಅರ್ಧ ತೂತಿನ ಗುರುತೂ ಇಲ್ಲದೆ ಗೋಡೆ ನುಣ್ಣಗಾಗಿತ್ತು. ಅವಳನ್ನು ಬೈಯಬೇಕು ಅನ್ನಿಸಿತು. ಬೈಯುವುದಾದರೂ ಯಾತಕ್ಕೆ? ನನಗೋಸ್ಕರ ಅಂದ ಮಾತು ಅದು.

"ರೀ" ಅಂತ ಕರೆದಳು. ತಿರುಗಿದೆ. ಒಂದು ಕೈ ನನ್ನ ಕಡೆ ಚಾಚಿದ್ದಳು.

"ಬಚ್ಚಲಿಗೆ ಹೋಗ್ಬೇಕು" ಅಂದಳು. "ಎತ್ಕೊಳ್ಳಿ."